ಮಗುವಿನ ತೂಕ ಗೊತ್ತು, ಎತ್ತರ ಎಷ್ಟು? ಮಡಕಶಿರಾ, ರಾಯದುರ್ಗ ಸೀಮೆಯ ಶಾಲಾ ಮಕ್ಕಳ ಬೆಳವಣಿಗೆಯ ಲೆಕ್ಕ

ಮಡಕಶಿರಾ: ಶಾಲೆಯಲ್ಲಿ ತೂಕ ನೋಡುವ ದಿನವೆಂದರೆ ಮಕ್ಕಳಿಗೆ ಒಂಥರಾ ಹಬ್ಬ. ತಕ್ಕಡಿ ಹತ್ತಿದವನು ಇಳಿಯುವುದಿಲ್ಲ, ಹಿಂದೆ ನಿಂತವನು ಸುಮ್ಮನಿರುವುದಿಲ್ಲ. ಮೇಷ್ಟ್ರು ಸಂಖ್ಯೆ ಕೂಗುತ್ತಾರೆ, ಟೀಚರ್ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾರೆ. ಸಂಜೆ ಮನೆಗೆ ಬಂದ ಹುಡುಗ "ಅಜ್ಜೀ, ನಾನು ಇಪ್ಪತ್ತು ಕೆಜಿ" ಎನ್ನುತ್ತಾನೆ. "ಆಗಲಿ ಬಿಡಪ್ಪ, ಇನ್ನೊಂದು ತುತ್ತು ತಿನ್ನು" ಎನ್ನುತ್ತಾಳೆ ಅಜ್ಜಿ. ಹೆಚ್ಚಿನ ಮನೆಗಳಲ್ಲಿ ಮಾತು ಅಲ್ಲಿಗೆ ಮುಗಿಯುತ್ತದೆ.

ಆದರೆ ಇಪ್ಪತ್ತು ಕೆಜಿ ಎಂಬ ಆ ಒಂದು ಸಂಖ್ಯೆಯಿಂದ ಏನೂ ಗೊತ್ತಾಗುವುದಿಲ್ಲ ಎಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಮೂರನೇ ತರಗತಿಯ ಇಬ್ಬರು ಹುಡುಗರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಇಬ್ಬರಿಗೂ ಈಗಷ್ಟೇ ಎಂಟು ವರ್ಷ ತುಂಬಿದೆ. ಇಬ್ಬರ ತೂಕವೂ 20 ಕೆಜಿ. ಒಬ್ಬನ ಎತ್ತರ 114 ಸೆಂಟಿಮೀಟರ್, ಇನ್ನೊಬ್ಬನದು 126. ಸಾಲಿನಲ್ಲಿ ನಿಂತಾಗ ಮೊದಲನೆಯವನು ಎಲ್ಲರಿಗಿಂತ ಮುಂದೆ, ಎರಡನೆಯವನು ಹಿಂದೆ. ನೋಡಿದವರು "ಆ ಗಿಡ್ಡ ಹುಡುಗ ಪಾಪ, ಈ ಉದ್ದದವನು ಪರವಾಗಿಲ್ಲ" ಎನ್ನುತ್ತಾರೆ. ನಿಜ ಸಂಗತಿ ಏನೆಂದರೆ ಇಬ್ಬರಿಗೂ ಕೊರತೆ ಇದೆ, ಆದರೆ ಒಂದೇ ಕೊರತೆಯಲ್ಲ.

ವಿಶ್ವ ಆರೋಗ್ಯ ಸಂಸ್ಥೆ 5ರಿಂದ 19 ವರ್ಷದವರಿಗಾಗಿ 2007ರಲ್ಲಿ ಪ್ರಕಟಿಸಿದ ಬೆಳವಣಿಗೆ ಪಟ್ಟಿಯ ಪ್ರಕಾರ ಎಂಟು ತುಂಬಿದ ಹುಡುಗನ ನಡುಮಟ್ಟದ ಎತ್ತರ ಸುಮಾರು 127 ಸೆಂ.ಮೀ., ತೂಕ ಸುಮಾರು 25 ಕೆಜಿ. ಎತ್ತರ 116 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ಕುಂಠಿತ ಬೆಳವಣಿಗೆ. ಮೊದಲನೆಯ ಹುಡುಗ ಆ ಗೆರೆಯ ಕೆಳಗಿದ್ದಾನೆ. ಎರಡನೆಯವನ ಎತ್ತರದಲ್ಲಿ ತಪ್ಪಿಲ್ಲ, ಆದರೆ ಅಷ್ಟೆತ್ತರಕ್ಕೆ ಇರಬೇಕಾದ ಮೈ ಅವನಲ್ಲಿಲ್ಲ. ಇದನ್ನು ತಿಳಿಯಲು ಬಿಎಂಐ ಲೆಕ್ಕ ಹಾಕುತ್ತಾರೆ. ಕಷ್ಟವೇನಲ್ಲ, ಕೆಜಿ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಸಾಕು. 20ನ್ನು 1.26ರಿಂದ ಭಾಗಿಸಿ, ಬಂದದ್ದನ್ನು ಮತ್ತೆ 1.26ರಿಂದ ಭಾಗಿಸಿದರೆ 12.6. ಎಂಟು ವರ್ಷದ ಹುಡುಗನಿಗೆ ಇದು 13.3ಕ್ಕಿಂತ ಕೆಳಗಿದ್ದರೆ ಕೃಶ ಎಂದರ್ಥ. ಗಿಡ್ಡ ಹುಡುಗನ ಬಿಎಂಐ 15.4 ಬರುತ್ತದೆ, ನಡುಮಟ್ಟವೇ 15.7 ಆಗಿರುವಾಗ ಅದು ಸರಿಯಾಗಿಯೇ ಇದೆ.

ಇಲ್ಲಿ ಒಂದು ಎಚ್ಚರಿಕೆ. ದೊಡ್ಡವರಿಗೆ ಹೇಳುವ 18.5ರ ಗೆರೆಯನ್ನು ಮಕ್ಕಳಿಗೆ ಹಚ್ಚಬಾರದು. ಹಚ್ಚಿದರೆ ಶಾಲೆಯ ಬಹುಪಾಲು ಮಕ್ಕಳು ಕೃಶರೆಂದೇ ಕಾಣುತ್ತಾರೆ. ಮಕ್ಕಳಲ್ಲಿ ಈ ಸಂಖ್ಯೆ ವಯಸ್ಸಿನೊಂದಿಗೆ ಬದಲಾಗುತ್ತದೆ, ಆದ್ದರಿಂದ ವಯಸ್ಸಿನ ಪಟ್ಟಿ ಪಕ್ಕದಲ್ಲಿಟ್ಟುಕೊಂಡೇ ನೋಡಬೇಕು.

ಹಳೇ ಬಾಕಿ, ಹೊಸ ಸಾಲ

ಎತ್ತರದ ಕೊರತೆ ಹಳೇ ಬಾಕಿ ಇದ್ದಂತೆ. ತಾಯಿ ಬಸುರಿಯಾಗಿದ್ದಾಗ ಹೊಟ್ಟೆ ತುಂಬ ಉಣ್ಣದಿದ್ದದ್ದು, ಹುಟ್ಟುವಾಗಲೇ ತೂಕ ಕಡಿಮೆ ಇದ್ದದ್ದು, ಎರಡು ವರ್ಷದೊಳಗೆ ಪದೇಪದೇ ಭೇದಿಯಾದದ್ದು, ಎದೆಹಾಲಿನ ಜೊತೆಗೆ ಕೊಡಬೇಕಾದ ಗಟ್ಟಿ ಆಹಾರ ತಡವಾದದ್ದು, ಇವೆಲ್ಲ ಸೇರಿ ಎಂಟನೇ ವರ್ಷದಲ್ಲಿ 114 ಸೆಂ.ಮೀ. ಎಂದು ಕಾಣಿಸಿಕೊಳ್ಳುತ್ತವೆ. ತೂಕದ ಕೊರತೆ ಹಾಗಲ್ಲ. ಹೋದ ತಿಂಗಳ ಜ್ವರ, ಹೊಟ್ಟೆಹುಳು, ಕೂಲಿ ಸಿಗದ ಬೇಸಿಗೆ, ಅವ್ವ ಬೆಂಗಳೂರಿಗೆ ಕೆಲಸಕ್ಕೆ ಹೋದದ್ದು, ಇಂಥ ಇತ್ತೀಚಿನ ಕಾರಣಗಳಿಂದ ಅದು ಇಳಿಯುತ್ತದೆ, ಕಾರಣ ಹೋದರೆ ಬೇಗ ಏರುತ್ತದೆ.

ಹಾಗಾಗಿ ಉದ್ದದ ಹುಡುಗನ ಮನೆಯವರನ್ನು ಕೇಳಬೇಕಾದದ್ದು "ಕಳೆದ ಆರು ತಿಂಗಳಲ್ಲಿ ಏನಾಯಿತು?" ಎಂದು. ಎರಡು ವಾರಕ್ಕೂ ಹೆಚ್ಚು ಕೆಮ್ಮು ಇದ್ದರೆ ಕ್ಷಯ ಪರೀಕ್ಷೆಯನ್ನೂ ಮಾಡಿಸಬೇಕು. ಗಿಡ್ಡ ಹುಡುಗನ ವಿಷಯದಲ್ಲಿ ಅಷ್ಟು ಅವಸರದ ಉತ್ತರವಿಲ್ಲ. ಅವನಿಗೆ ಬೇಕಾದದ್ದು ವರ್ಷಗಟ್ಟಲೆ ನಿಲ್ಲದೆ ಸಿಗುವ ಒಳ್ಳೆಯ ಊಟ, ಮತ್ತು ಎತ್ತರ ಪ್ರತಿ ವರ್ಷ ಏರುತ್ತಿದೆಯೇ ಎಂದು ನೋಡುವ ಒಂದು ಕಣ್ಣು.

ದೇಶದ ಚಿತ್ರ ನೋಡುವುದಾದರೆ, 2016ರಿಂದ 2018ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 5ರಿಂದ 9 ವರ್ಷದ ಮಕ್ಕಳಲ್ಲಿ ಶೇ. 22ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು, ಶೇ. 23ರಷ್ಟು ಮಂದಿ ಕೃಶರು, ಸುಮಾರು ನಾಲ್ಕರಲ್ಲಿ ಒಬ್ಬರಿಗೆ ರಕ್ತಹೀನತೆ. ಎತ್ತರದ ಕೊರತೆ ತಮಿಳುನಾಡಿನಲ್ಲಿ ಶೇ. 10, ಕೇರಳದಲ್ಲಿ ಶೇ. 11 ಮಾತ್ರ ಇತ್ತು. ಅಂದರೆ ತಾಳವಾಡಿಯ ಕನ್ನಡದ ಮಗುವೂ ಮಡಕಶಿರಾದ ಕನ್ನಡದ ಮಗುವೂ ಒಂದೇ ಭಾಷೆ ಆಡಿದರೂ ಯಾವ ರಾಜ್ಯದ ಊಟದ ತಟ್ಟೆಯ ಮುಂದೆ ಕೂತಿದ್ದಾರೆ ಎಂಬುದಕ್ಕೆ ಅರ್ಥವಿದೆ. ತಮಿಳುನಾಡಿನಲ್ಲಿ ಶಾಲೆಯ ಊಟ 1956ರಷ್ಟು ಹಿಂದೆಯೇ ಆರಂಭವಾಗಿ 1982ರಲ್ಲಿ ವಿಸ್ತಾರವಾಯಿತು. 2022ರಲ್ಲಿ ಬೆಳಗಿನ ಉಪಾಹಾರವೂ ಅದಕ್ಕೆ ಸೇರಿತು. ಇಡೀ ವ್ಯತ್ಯಾಸಕ್ಕೆ ಊಟವೊಂದೇ ಕಾರಣ ಎನ್ನಲಾಗದು. ಆಸ್ಪತ್ರೆ, ತಾಯಂದಿರ ಓದು, ಕುಡಿಯುವ ನೀರು, ಶೌಚಾಲಯ ಎಲ್ಲವೂ ಅದರಲ್ಲಿವೆ.

ಜೂನ್ ಒಂದರಂದು ಹುಟ್ಟಿದವರು

ಪಟ್ಟಿ ನೋಡುವ ಮೊದಲು ವಯಸ್ಸು ಸರಿಯಾಗಿರಬೇಕಲ್ಲವೇ? ನಮ್ಮ ಕಡೆ ಅಲ್ಲಿಯೇ ಎಡವಟ್ಟು. ಯಾವುದಾದರೂ ಹಳ್ಳಿ ಶಾಲೆಯ ಹಳೆಯ ದಾಖಲಾತಿ ಪುಸ್ತಕ ತೆರೆದು ನೋಡಿ, ಅರ್ಧ ಊರು ಜೂನ್ 1ರಂದೇ ಹುಟ್ಟಿದೆ! ಹುಟ್ಟಿದ ದಿನ ನೆನಪಿಲ್ಲದಿದ್ದರೆ, ಅಥವಾ ವಯಸ್ಸು ನಾಲ್ಕು ತಿಂಗಳು ಕಡಿಮೆ ಬಿದ್ದರೆ, ಮೇಷ್ಟ್ರು ಒಂದು ತಾರೀಕು ಹಾಕಿ ಸೇರಿಸಿಕೊಳ್ಳುತ್ತಿದ್ದರು. ಆಸ್ಪತ್ರೆ ಹೆರಿಗೆ, ಜನನ ಪ್ರಮಾಣಪತ್ರ ಬಂದ ಮೇಲೆ ಇದು ಬಹಳ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ.

ಪ್ರಾಥಮಿಕ ಶಾಲೆಯ ವಯಸ್ಸಿನಲ್ಲಿ ಮಗು ವರ್ಷಕ್ಕೆ 5ರಿಂದ 6 ಸೆಂ.ಮೀ. ಬೆಳೆಯುತ್ತದೆ. ಆರು ತಿಂಗಳು ವಯಸ್ಸು ಹೆಚ್ಚು ಬರೆಸಿದರೆ ಪಟ್ಟಿಯಲ್ಲಿ ಮಗು 3 ಸೆಂ.ಮೀ. ಗಿಡ್ಡವಾಗಿ ಕಾಣುತ್ತದೆ. ಸರಿಯಾಗಿಯೇ ಇರುವ ಮಗು ಕುಂಠಿತರ ಸಾಲಿಗೆ ಹೋಗುತ್ತದೆ; ವಯಸ್ಸು ಕಡಿಮೆ ಬರೆಸಿದ್ದರೆ ನಿಜವಾಗಿ ಕೊರತೆ ಇರುವ ಮಗು ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ. ಹುಟ್ಟಿದ ತಾರೀಕು ಖಚಿತವಿಲ್ಲದವರು ಅಂಗನವಾಡಿಯ ತಾಯಿ ಕಾರ್ಡು, ಲಸಿಕೆ ಕಾರ್ಡು ತೆಗೆದು ನೋಡಿಕೊಳ್ಳಬಹುದು. ಶಾಲೆಯ ದಾಖಲೆ ಬದಲಿಸುವ ತಂಟೆ ಬೇರೆ ವಿಷಯ. ಮಗುವಿನ ಬೆಳವಣಿಗೆ ನೋಡುವಾಗ ಮಾತ್ರ ನಿಜ ವಯಸ್ಸನ್ನೇ ಹಿಡಿಯಿರಿ.

ಅಳೆಯುವುದರಲ್ಲೂ ಇಂಥದೇ ತಪ್ಪುಗಳು. ಗೋಡೆಗೆ ಅಂಟಿಸಿದ ಟೇಪು ನೆಲದಿಂದ ಶುರುವಾಗಿರುವುದಿಲ್ಲ. ಹುಡುಗಿಯರ ಜಡೆ, ರಿಬ್ಬನ್ನಿನ ಗಂಟು ಒಂದೆರಡು ಸೆಂಟಿಮೀಟರ್ ತಿಂದುಬಿಡುತ್ತದೆ. ಚಪ್ಪಲಿ, ಬೂಟು ಬಿಚ್ಚಿಸಿ, ಹಿಮ್ಮಡಿ, ಪೃಷ್ಠ, ಬೆನ್ನು ಗೋಡೆಗೆ ತಾಗುವಂತೆ ನಿಲ್ಲಿಸಿ, ನೇರ ಮುಂದೆ ನೋಡಲು ಹೇಳಿ, ನೆತ್ತಿಯ ಮೇಲೆ ಚಪ್ಪಟೆ ಪಟ್ಟಿ ಒತ್ತಿ ಹಿಡಿದು ಓದಬೇಕು. ಶಾಲೆಯಲ್ಲಿ ಮರದ ಸ್ಕೇಲು, ಗಟ್ಟಿ ರಟ್ಟಿನ ಪುಸ್ತಕ ಇದ್ದೇ ಇರುತ್ತದೆ, ಅದು ಸಾಕು. ತೂಕಕ್ಕೆ ಊಟಕ್ಕೆ ಮುಂಚಿನ ಹೊತ್ತು ಒಳ್ಳೆಯದು, ಪ್ರತಿ ಸಲವೂ ಅದೇ ತಕ್ಕಡಿ ಇರಬೇಕು.

ಒಂದು ಸಲದ ಅಳತೆಗಿಂತ ಎರಡು ಅಳತೆಗಳ ನಡುವಿನ ಅಂತರ ಹೆಚ್ಚು ಹೇಳುತ್ತದೆ. ಜೂನ್‌ನಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ ಅಳೆದರೆ ಆರು ತಿಂಗಳಲ್ಲಿ ಎರಡೂವರೆಯಿಂದ ಮೂರು ಸೆಂ.ಮೀ. ಎತ್ತರ, ಒಂದು ಕೆಜಿ ಅಥವಾ ತುಸು ಹೆಚ್ಚು ತೂಕ ಏರಿರಬೇಕು. ಅಪ್ಪ ಅಮ್ಮ ಇಬ್ಬರೂ ಗಿಡ್ಡವಿದ್ದು ಮಗುವೂ ಗಿಡ್ಡವಿದ್ದರೆ, ಆದರೆ ವರ್ಷವರ್ಷ ತಪ್ಪದೆ ಬೆಳೆಯುತ್ತಿದ್ದರೆ, ಅಷ್ಟಾಗಿ ಹೆದರಬೇಕಿಲ್ಲ. ಇಡೀ ವರ್ಷ 4 ಸೆಂ.ಮೀ. ಕೂಡ ಬೆಳೆಯದ ಮಗುವನ್ನು ಮಾತ್ರ ಡಾಕ್ಟರಿಗೆ ತೋರಿಸಲೇಬೇಕು, ಅದು ಸಾಲಿನಲ್ಲಿ ಎಲ್ಲೇ ನಿಂತಿರಲಿ.

ಮನೆಯಲ್ಲಿ ನೋಡಿಕೊಳ್ಳುವವರಿಗಾಗಿ ಇನ್ನೆರಡು ವಯಸ್ಸಿನ ಅಂಕಿ ಕೊಡುತ್ತೇವೆ. ಆರು ತುಂಬಿದಾಗ ಹುಡುಗನ ನಡುಮಟ್ಟದ ಎತ್ತರ 116 ಸೆಂ.ಮೀ., ಹುಡುಗಿಯದು 115. ಕೆಳಗಿನ ಗೆರೆ ಕ್ರಮವಾಗಿ ಸುಮಾರು 106 ಮತ್ತು 105. ಹತ್ತು ತುಂಬಿದಾಗ ಇಬ್ಬರದೂ ಸುಮಾರು 138, ಕೆಳಗಿನ ಗೆರೆ 125ರ ಆಸುಪಾಸು. ಹತ್ತರಲ್ಲಿ ಹುಡುಗಿಯರೇ ಕೂದಲೆಳೆಯಷ್ಟು ಮುಂದಿರುತ್ತಾರೆ, ಅವರ ಜಿಗಿತ ಆಗ ಶುರುವಾಗುವುದರಿಂದ.

ಬರದ ವರ್ಷ ಹುಟ್ಟಿದ ಮಕ್ಕಳು

ಎತ್ತರದ ಕೊರತೆ ಹಳೇ ಬಾಕಿ ಎಂದೆವು. ಹಾಗಾದರೆ ಶಾಲೆಗೆ ಬಂದ ಮೇಲೆ ಊಟ ಹಾಕಿ ಪ್ರಯೋಜನವೇನು? ಮೊದಲ ಸಾವಿರ ದಿನ ಕಳೆದ ಮೇಲೆ ಮಾಡುವುದೇನೂ ಇಲ್ಲ ಎಂದು ಹೇಳುವವರು ಇಂದೂ ಇದ್ದಾರೆ. ಈ ಪ್ರಶ್ನೆಗೆ ಸಿಕ್ಕಿರುವ ಒಂದು ಒಳ್ಳೆಯ ಉತ್ತರ ನಮ್ಮ ಸೀಮೆಯಿಂದಲೇ ಬಂದಿದೆ.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ 'ಯಂಗ್ ಲೈವ್ಸ್' ಎಂಬ ಅಧ್ಯಯನ 2002ರಲ್ಲಿ ಅಂದಿನ ಅವಿಭಜಿತ ಆಂಧ್ರಪ್ರದೇಶದಲ್ಲಿ ಒಂದು ವರ್ಷದ ಆಸುಪಾಸಿನ ಸುಮಾರು 2,000 ಮಕ್ಕಳನ್ನು ದಾಖಲಿಸಿಕೊಂಡಿತು. ಆರಿಸಿದ ಜಿಲ್ಲೆಗಳಲ್ಲಿ ಅನಂತಪುರವೂ ಒಂದು. ರಾಯದುರ್ಗ ಇಂದಿಗೂ ಅದೇ ಜಿಲ್ಲೆಯಲ್ಲಿದೆ. ಮಡಕಶಿರಾ 2022ರ ಏಪ್ರಿಲ್‌ವರೆಗೆ ಅದರಲ್ಲಿದ್ದು ನಂತರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. 2002ರಲ್ಲಿ ಮುಂಗಾರು ಕೈಕೊಟ್ಟದ್ದು ಹಿರಿಯರಿಗೆ ನೆನಪಿರಬಹುದು. ಕಡಲೆಕಾಯಿ ಬಿತ್ತಿದವರಿಗೆ ಬೀಜವೂ ವಾಪಸು ಬರಲಿಲ್ಲ. ಆ ಮಕ್ಕಳು ಹಾಲು ಬಿಟ್ಟು ಅನ್ನ ಹಿಡಿಯುವ ಹೊತ್ತಿಗೆ ಮನೆಯಲ್ಲಿ ಬರ.

ಶಾಲೆಯಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿದ್ದು 2001ರ ನವೆಂಬರ್ 28ರಂದು. ಅದಕ್ಕೆ ಮುಂಚೆ, 1995ರ ಆಗಸ್ಟ್ 15ರಂದು ಯೋಜನೆ ಆರಂಭವಾಗಿದ್ದರೂ ಬಹುತೇಕ ರಾಜ್ಯಗಳಲ್ಲಿ ತಿಂಗಳಿಗೊಮ್ಮೆ ಅಕ್ಕಿ ಅಳೆದು ಕೊಟ್ಟು ಕಳಿಸುತ್ತಿದ್ದರು. ಆ ಅಕ್ಕಿ ಮನೆಯವರೆಲ್ಲರ ಪಾಲಾಗುತ್ತಿತ್ತು. ಆಂಧ್ರದಲ್ಲಿ 2003ರ ಜನವರಿಯಿಂದ ಶಾಲೆಗಳಲ್ಲಿ ಒಲೆ ಹತ್ತಿತು. ಅಧ್ಯಯನದವರು 2006-07ರಲ್ಲಿ ಅದೇ ಮಕ್ಕಳನ್ನು ಮತ್ತೆ ಹುಡುಕಿಕೊಂಡು ಹೋಗಿ ಅಳೆದಾಗ ಕೆಲವರು ಆಗತಾನೇ ಶಾಲೆ ಸೇರಿ ಊಟ ಉಣ್ಣುತ್ತಿದ್ದರು, ಕೆಲವರು ಇನ್ನೂ ಸೇರಿರಲಿಲ್ಲ.

ಅಭಿಜೀತ್ ಸಿಂಗ್, ಆಲ್ಬರ್ಟ್ ಪಾರ್ಕ್, ಸ್ಟೆಫಾನ್ ಡೆರ್ಕಾನ್ ಎಂಬ ಅರ್ಥಶಾಸ್ತ್ರಜ್ಞರು ಈ ಅಳತೆಗಳನ್ನು ಹೋಲಿಸಿ 2014ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: ಬರದಿಂದ ನೊಂದ ಮನೆಗಳ ಮಕ್ಕಳಲ್ಲಿ ಶಾಲೆಯ ಊಟದ ಲಾಭ ದೊಡ್ಡದಾಗಿಯೇ ಕಂಡಿತು. ಬರ ಕಿತ್ತುಕೊಂಡದ್ದನ್ನು ಊಟ ವಾಪಸು ತಂದುಕೊಟ್ಟಿತ್ತು. ಆ ಮಕ್ಕಳು ಐದಾರು ವರ್ಷದವರು ಎಂಬುದನ್ನು ಮರೆಯಬಾರದು. ಹತ್ತನೇ ವರ್ಷದಲ್ಲಿ ಊಟ ಶುರು ಮಾಡಿದರೂ ಇಷ್ಟೇ ಲಾಭ ಎಂದು ಇದರಿಂದ ಹೇಳಲಾಗದು. ಆದರೆ ಒಂದನೇ ತರಗತಿಯ ಮಗುವಿನ ಮುಂದೆ ಬಂದು "ಇನ್ನು ಇದರ ಕತೆ ಇಷ್ಟೇ" ಎನ್ನುವುದು ತಪ್ಪು.

ಇನ್ನೊಂದು ಸಂಗತಿ ಹೆಣ್ಣುಮಕ್ಕಳದು. 1993ರಿಂದ 2016ರವರೆಗಿನ ದೇಶದ ಅಂಕಿಅಂಶಗಳನ್ನು ಬಳಸಿ 2021ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಬಂದ ಲೇಖನದ ಪ್ರಕಾರ, ಪ್ರಾಥಮಿಕ ಶಾಲೆಯಲ್ಲಿ ಊಟ ಸಿಕ್ಕ ಹುಡುಗಿಯರು ಮುಂದೆ ತಾಯಂದಿರಾದಾಗ ಅವರ ಮಕ್ಕಳ ಎತ್ತರ ಉತ್ತಮವಾಗಿತ್ತು. ಗಿಡ್ಡ ಹುಡುಗನ ಹಳೇ ಬಾಕಿ ಅವನ ತಾಯಿಯ ಬಾಲ್ಯದಿಂದ ಬಂದಿರಬಹುದು ಎಂದಾಯಿತು.

ತಟ್ಟೆಯಲ್ಲಿ ಏನಿದೆ

7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,700 ಕ್ಯಾಲೊರಿ, 23 ಗ್ರಾಂ ಪ್ರೋಟೀನು, 650 ಮಿಲಿಗ್ರಾಂ ಕ್ಯಾಲ್ಸಿಯಂ, 15 ಮಿಲಿಗ್ರಾಂ ಕಬ್ಬಿಣ ಬೇಕು ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರ ಪಟ್ಟಿಯಲ್ಲಿ ಹೇಳಿದೆ. ಪ್ರಾಥಮಿಕ ಶಾಲೆಯ ಊಟಕ್ಕೆ ಕೇಂದ್ರದ ನಿಯಮ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಇದರಿಂದ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು ಸಿಗಬೇಕು. ಅಂದರೆ ಪ್ರೋಟೀನಿನಲ್ಲಿ ಅರ್ಧ, ಶಕ್ತಿಯಲ್ಲಿ ಕಾಲುಭಾಗ. ಮಿಕ್ಕ ಮುಕ್ಕಾಲು ಮನೆಯಿಂದಲೇ ಬರಬೇಕು. "ಮಧ್ಯಾಹ್ನ ಶಾಲೆಯಲ್ಲಿ ಉಂಡಿದ್ದಾನಲ್ಲ" ಎಂದು ರಾತ್ರಿ ಊಟ ಇಳಿಸುವ ಮನೆಗಳಲ್ಲಿ ಲೆಕ್ಕ ತಲೆಕೆಳಗಾಗುತ್ತದೆ.

ಅಕ್ಕಿಯನ್ನು ಬಿಟ್ಟು ಉಳಿದ ಸಾಮಾನಿಗೆ 2025ರ ಮೇ 1ರಿಂದ ಪ್ರಾಥಮಿಕ ಶಾಲೆಯ ಮಗುವೊಂದಕ್ಕೆ ದಿನಕ್ಕೆ 6 ರೂಪಾಯಿ 78 ಪೈಸೆ ನಿಗದಿಯಾಯಿತು. ಇದರಲ್ಲಿ ಬೇಳೆ, ಎಣ್ಣೆ, ತರಕಾರಿ, ಉಪ್ಪು ಖಾರ, ಸೌದೆ ಅಥವಾ ಗ್ಯಾಸು. ಟೊಮೆಟೊ ಬೆಲೆ ಏರಿದ ವಾರ ಸಾರು ತೆಳ್ಳಗಾಗುವುದಕ್ಕೆ ಅಡುಗೆ ಅಕ್ಕಂದಿರನ್ನು ಬೈದು ಫಲವಿಲ್ಲ.

ಮೊಟ್ಟೆ, ಚಿಕ್ಕಿಯ ಖರ್ಚು ರಾಜ್ಯದ್ದು. ಆಂಧ್ರದಲ್ಲಿ 2020ರ ಹೊಸ ಊಟದ ಪಟ್ಟಿಯಲ್ಲಿ ವಾರಕ್ಕೆ ಐದು ಮೊಟ್ಟೆ, ಮೂರು ದಿನ ಕಡಲೆಕಾಯಿ ಚಿಕ್ಕಿ ಬಂತು. 2023ರ ಮಾರ್ಚ್‌ನಲ್ಲಿ ರಾಗಿ ಜಾವ ಸೇರಿತು. 2024ರಲ್ಲಿ ಯೋಜನೆಗೆ ಕೋನಸೀಮೆಯ ಅನ್ನದಾತೆ ಡೊಕ್ಕಾ ಸೀತಮ್ಮನವರ ಹೆಸರಿಟ್ಟರು. ಸರ್ಕಾರ ಬದಲಾದಂತೆ ಹೆಸರು ಬದಲಾಗುವುದು ಇದ್ದದ್ದೇ, ಮಕ್ಕಳು ಕೇಳುವುದು ಇವತ್ತು ಮೊಟ್ಟೆ ಇದೆಯೋ ಇಲ್ಲವೋ ಎಂದು ಮಾತ್ರ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು, ಅದೂ ಮೈಗೆ ಪೂರ್ತಿ ಹತ್ತುವಂಥದ್ದು. ಮೊಟ್ಟೆ ತಿನ್ನದ ಮನೆಗಳ ಮಕ್ಕಳಿಗೆ ಹಾಲು, ಬೇಳೆ, ಕಡಲೆಕಾಯಿ ತುಸು ಹೆಚ್ಚೇ ಕೊಡಬೇಕಾಗುತ್ತದೆ.

ಚಿಕ್ಕಿಯ ಬಗ್ಗೆ ಒಂದು ಮಾತು. ಮಡಕಶಿರಾ ಕಡೆ ಕಡಲೆಕಾಯಿ, ರಾಯದುರ್ಗ, ಆದೋನಿ ಕಡೆ ಶೇಂಗಾ. ಹೆಸರು ಏನೇ ಇರಲಿ, ನೂರು ಗ್ರಾಂ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನು ಇದೆ. ಇಡೀ ಜಿಲ್ಲೆ ಅದನ್ನು ಬೆಳೆದು ಎಣ್ಣೆ ಗಾಣಕ್ಕೆ ಕಳಿಸಿ, ನಮ್ಮ ಮಕ್ಕಳು ಅಂಗಡಿಯ ಐದು ರೂಪಾಯಿ ಪೊಟ್ಟಣ ತಿಂದು ಊಟಕ್ಕೆ ಕೂತಾಗ ಹಸಿವಿಲ್ಲ ಎನ್ನುವುದನ್ನು ನೋಡಿದರೆ ಬೇಸರವಾಗುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ಇಂಥದಕ್ಕೇ ಹುಟ್ಟಿರಬೇಕು.

ರಾಗಿಯದು ಇನ್ನೂ ದೊಡ್ಡ ಕತೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಪಾಲಿಷ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ಮಗುವಿನ ಒಂದು ಸಣ್ಣ ಮುದ್ದೆಗೆ 60 ಗ್ರಾಂ ಹಿಟ್ಟು ಹಿಡಿಯುತ್ತದೆ ಎಂದರೂ ದಿನದ ಕ್ಯಾಲ್ಸಿಯಂನಲ್ಲಿ ಮೂರನೇ ಒಂದು ಭಾಗ ಅದರಲ್ಲೇ ಬಂತು. ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ ಕಡೆಯ ಅಜ್ಜಿಯರು ಮುದ್ದೆ, ಹುರುಳಿ ಸಾರು ಉಂಡು ಬೆಳೆದವರು. 1983ರಲ್ಲಿ ಎನ್.ಟಿ. ರಾಮರಾಯರ ಸರ್ಕಾರ ಎರಡು ರೂಪಾಯಿಗೆ ಕೆಜಿ ಅಕ್ಕಿ ಕೊಟ್ಟ ಮೇಲೆ ಅನ್ನ ದಿನನಿತ್ಯದ ಊಟವಾಯಿತು. ಹಸಿವು ತಪ್ಪಿದ್ದು ಸಣ್ಣ ಮಾತಲ್ಲ, ಆ ಅಕ್ಕಿಯನ್ನು ಹಗುರ ಮಾಡಿ ಮಾತಾಡುವುದು ಉಂಡ ಮನೆಗೆ ಎರಡು ಬಗೆದಂತೆ. ಆದರೆ ಅನ್ನ ಬಂದಾಗ ಮುದ್ದೆಯ ಜೊತೆಗೆ ಹುರುಳಿ, ಅವರೆ, ಸೊಪ್ಪಿನ ಬಸ್ಸಾರೂ ಹಿಂದೆ ಸರಿದವು ಎಂಬುದೂ ನಿಜ.

ಕ್ಯಾಲ್ಸಿಯಂ ಮಾತು ನಮ್ಮ ಸೀಮೆಗೆ ಬೇರೆ ಕಾರಣಕ್ಕೂ ಮುಖ್ಯ. ಅನಂತಪುರ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಅನೇಕ ಕಡೆ ಫ್ಲೋರೈಡ್ ಹೆಚ್ಚು. ಅಂಥ ನೀರು ಕುಡಿಯುವ ಮಗುವಿಗೆ ಕ್ಯಾಲ್ಸಿಯಂ ಕೊರತೆಯೂ ಇದ್ದರೆ ಮೂಳೆಗೆ ಆಗುವ ಹಾನಿ ಜಾಸ್ತಿ. ಹಲ್ಲಿನ ಮೇಲೆ ಹಳದಿ, ಕಂದು ಕಲೆ ಕಂಡರೆ ಅದನ್ನು ಉಜ್ಜಿ ತೆಗೆಯಲು ಹೋಗುವ ಬದಲು ಕುಡಿಯುವ ನೀರು ಯಾವುದು ಎಂದು ನೋಡಬೇಕು. ಅಡುಗೆಗೂ ಅದೇ ನೀರು ಬಳಸುತ್ತಾರೆಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಉಂಡದ್ದು ಮೈಗೆ ಹತ್ತಬೇಕಲ್ಲ

ಫೆಬ್ರವರಿ 10 ಮತ್ತು ಆಗಸ್ಟ್ 10ರಂದು ಶಾಲೆಗಳಲ್ಲಿ ಜಂತುಹುಳು ನಿವಾರಣೆಯ ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಚೀಪಿ ಅಗಿದು ತಿನ್ನುವ ಮಾತ್ರೆ. ಆ ದಿನ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳುವವರೂ ಇದ್ದಾರೆ, ಮಾತ್ರೆ ನುಂಗಿದರೆ ಹೊಟ್ಟೆನೋವು ಬರುತ್ತದೆ ಎಂಬ ಹೆದರಿಕೆ. ಹುಳು ಹೆಚ್ಚಿದ್ದ ಮಗುವಿಗೆ ಸ್ವಲ್ಪ ಹೊಟ್ಟೆ ಮುರಿದಂತಾಗುವುದು ಉಂಟು, ಒಂದು ದಿನದಲ್ಲಿ ಹೋಗುತ್ತದೆ. ಹುಳು ಉಳಿದರೆ ಉಂಡ ಊಟದಲ್ಲಿ ಅದಕ್ಕೊಂದು ಪಾಲು, ರಕ್ತದಲ್ಲೂ ಪಾಲು.

5ರಿಂದ 9 ವರ್ಷದವರಿಗೆ ವಾರಕ್ಕೊಂದು ಗುಲಾಬಿ ಬಣ್ಣದ ಕಬ್ಬಿಣದ ಮಾತ್ರೆ ಇದೆ. ಅದನ್ನು ಬರಿ ಹೊಟ್ಟೆಯಲ್ಲಿ ಅಲ್ಲ, ಊಟವಾದ ಮೇಲೆ ಕೊಡಬೇಕು. ಐದರಿಂದ ಹನ್ನೊಂದು ವರ್ಷದ ಮಗುವಿನ ಹಿಮೋಗ್ಲೋಬಿನ್ 11.5 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಇಲ್ಲೇ ನಮ್ಮ ಬೆಳಗಿನ ಚಹಾದ ಚಟ ಅಡ್ಡ ಬರುತ್ತದೆ. ಚಹಾ, ಬನ್ನು ತಿಂದು ಶಾಲೆಗೆ ಬರುವ ಮಕ್ಕಳು ಎಷ್ಟು ಮಂದಿ ಎಂದು ಯಾವ ಮೇಷ್ಟ್ರನ್ನಾದರೂ ಕೇಳಿ. ಚಹಾ ಆಹಾರದ ಕಬ್ಬಿಣವನ್ನು ಹಿಡಿದು ಕೂರುತ್ತದೆ, ಮೈಗೆ ಸೇರಲು ಬಿಡುವುದಿಲ್ಲ. ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆಕಾಯಿ ಅದಕ್ಕೆ ವಿರುದ್ಧ, ಕಬ್ಬಿಣ ಹತ್ತಲು ನೆರವಾಗುತ್ತವೆ. ನುಗ್ಗೆಸೊಪ್ಪಿನ ಸಾರಿಗೆ ನಿಂಬೆ ಹಿಂಡುವುದು ಬರೀ ರುಚಿಗಲ್ಲ.

ರಜೆಯ ದಿನಗಳು

ಶಾಲೆ ನಡೆಯುವುದು ವರ್ಷಕ್ಕೆ ಸುಮಾರು 220 ದಿನ. ಉಳಿದ 145 ದಿನ ಶಾಲೆಯ ಊಟವಿಲ್ಲ. ಅದರಲ್ಲಿ ದೊಡ್ಡ ಪಾಲು ಏಪ್ರಿಲ್ ಕೊನೆಯಿಂದ ಜೂನ್ ಎರಡನೇ ವಾರದವರೆಗಿನ ಬೇಸಿಗೆ ರಜೆ, ಹೊಲದಲ್ಲಿ ಕೆಲಸವಿಲ್ಲದ, ಮನೆಯಲ್ಲಿ ಕಾಳು ತೀರಿದ ಕಾಲ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟು 2004ರ ಏಪ್ರಿಲ್‌ನಲ್ಲಿ ಆದೇಶಿಸಿದೆ. ಮಂಡಲ ಬರಪೀಡಿತ ಎಂದು ಘೋಷಣೆಯಾದ ವರ್ಷ ಊರವರು ಸಾಲ ಮನ್ನಾ, ಬೆಳೆ ವಿಮೆ ಕೇಳುತ್ತಾರೆ, ಶಾಲೆಯ ಊಟ ಕೇಳುವವರು ಕಡಿಮೆ. ಶಾಲಾ ಆಡಳಿತ ಸಮಿತಿಯಲ್ಲಿರುವ ತಾಯಂದಿರು ಈ ಆದೇಶವನ್ನು ಎತ್ತಿ ಹೇಳಬಹುದು.

ಗಡಿಯಲ್ಲಿ ಇನ್ನೊಂದು ತೊಡಕು. ತಾಯಿತಂದೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದಾಗ ಕೆಲವು ಮಕ್ಕಳು ಅಜ್ಜಿಯ ಬಳಿ ಉಳಿಯುತ್ತವೆ, ಕೆಲವು ಜೊತೆಗೆ ಹೋಗುತ್ತವೆ. ಶಿರಾ, ಪಾವಗಡ, ಗೌರಿಬಿದನೂರು ಕಡೆಯ ನೆಂಟರ ಮನೆಯಲ್ಲಿದ್ದು ಕರ್ನಾಟಕದ ಶಾಲೆಗೆ ಸೇರುವವರೂ ಇದ್ದಾರೆ. ಅಲ್ಲಿ 2013ರಿಂದ ಹಾಲು ಕೊಡುತ್ತಾರೆ, ಮೊಟ್ಟೆ ಆಮೇಲೆ ಬಂತು. ಎರಡೂ ಕಡೆ ಊಟ ಸಿಗುತ್ತದೆ, ಆದರೆ ಮಗುವಿನ ಅಳತೆಯ ದಾಖಲೆ ಮಾತ್ರ ಗಡಿ ದಾಟುವುದಿಲ್ಲ. ಇಲ್ಲಿ ಜೂನ್‌ನಲ್ಲಿ ಬರೆದ ಎತ್ತರ ಅಲ್ಲಿನ ಟೀಚರ್‌ಗೆ ಗೊತ್ತಿಲ್ಲ, ಅಲ್ಲಿ ಇಳಿದ ತೂಕ ಇಲ್ಲಿಗೆ ಬರುವುದಿಲ್ಲ. ಆದ್ದರಿಂದ ಮನೆಯಲ್ಲೇ ಒಂದು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ತಾರೀಕು, ಎತ್ತರ, ತೂಕ ಬರೆದಿಟ್ಟುಕೊಳ್ಳಿ. ಶಾಲೆಯ ಕಾರ್ಡಿನ ಅಕ್ಷರ ತೆಲುಗಿನಲ್ಲಿದ್ದು ಅಜ್ಜಿಗೆ ಓದಲು ಬರದಿದ್ದರೂ ಅಂಕಿಗೆ ಭಾಷೆಯ ತೊಂದರೆ ಇಲ್ಲ.

ಐದನೇ ತರಗತಿಯ ಹುಡುಗಿಯರ ಬಗ್ಗೆ ಒಂದು ಮಾತು ಬಾಕಿ ಇದೆ. ಹತ್ತರ ನಂತರ ಅವರ ಬೇಡಿಕೆ ದಿನಕ್ಕೆ 2,000 ಕ್ಯಾಲೊರಿ ದಾಟುತ್ತದೆ, ಎತ್ತರದ ಜಿಗಿತ ಶುರುವಾಗುವುದೂ ಆಗಲೇ. ಆದರೆ ಊಟದ ಅಳತೆ ಆರನೇ ತರಗತಿಗೆ ಹೋಗುವವರೆಗೆ ಒಂದನೇ ತರಗತಿಯ ಮಗುವಿನದೇ, 450 ಕ್ಯಾಲೊರಿ. ಆರನೇ ತರಗತಿಯಿಂದ 700. ನಡುವಿನ ಆ ಒಂದೆರಡು ವರ್ಷ ಎರಡನೇ ಸಲ ಅನ್ನ ಕೇಳುವ ಹುಡುಗಿಗೆ ಅಡುಗೆ ಅಕ್ಕ ಇಲ್ಲ ಎನ್ನದೆ ಬಡಿಸುತ್ತಾಳೆ, ಸಾರು ಮಾತ್ರ ಆ ಹೊತ್ತಿಗೆ ತಳ ಕಂಡಿರುತ್ತದೆ.

ಆ ಇಬ್ಬರು ಹುಡುಗರನ್ನು ಡಿಸೆಂಬರ್‌ನಲ್ಲಿ ಮತ್ತೆ ಅಳೆದರೆ ಹೀಗೆ ನೋಡಬೇಕು. 126 ಸೆಂ.ಮೀ. ಇದ್ದವನು 129 ಆಗಿ ತೂಕ 20ರಲ್ಲೇ ನಿಂತಿದ್ದರೆ ಅವನು ಇನ್ನಷ್ಟು ಕೃಶನಾಗಿದ್ದಾನೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆ ವಾರವೇ ಕರೆದೊಯ್ಯಬೇಕು. 114 ಇದ್ದವನು 117 ಆಗಿದ್ದು ತೂಕ 21 ದಾಟಿದ್ದರೆ ಗೆರೆಯ ಹತ್ತಿರದಲ್ಲೇ ಇದ್ದರೂ ಅವನ ಮೈ ಬೆಳೆಯುತ್ತಿದೆ, ನಡೆದಿರುವ ಊಟವನ್ನು ಹಾಗೆಯೇ ಮುಂದುವರಿಸಿ ಜೂನ್‌ನಲ್ಲಿ ಮತ್ತೊಮ್ಮೆ ಅಳೆದರೆ ಸಾಕು.